ಗಲ್ಲಾ ಲೆಕ್ಕ ‘ಇಷ್ಟರಿಂದ ಇಷ್ಟು’ ಅಂತ ಮಾತ್ರ ಗೊತ್ತಿದ್ರೆ ವರ್ಷದ ವಹಿವಾಟು ಅಂದಾಜು ಮಾಡೋದು ಹೇಗೆ?

ದೇವರಾಜ ಮೊಹಲ್ಲಾ (ಮೈಸೂರು): ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ ಅಂತ ಯಾವುದೇ ಸಣ್ಣ ಅಂಗಡಿಯವರನ್ನು ಕೇಳಿದರೂ ಒಂದೇ ಸಂಖ್ಯೆಯ ಉತ್ತರ ಬರೋದಿಲ್ಲ. ‘ಎಂಟರಿಂದ ಹತ್ತು ಸಾವಿರ’, ‘ಹಬ್ಬ ಇದ್ರೆ ಹದಿನೈದರ ಮೇಲೆ’, ‘ಮಳೆ ಬಂದ್ರೆ ಐದೂ ಕಷ್ಟ’. ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯಿಂದ ದೇವರಾಜ ಮಾರುಕಟ್ಟೆಯ ಎಲೆ-ಅಡಿಕೆ ಮಳಿಗೆಯವರೆಗೆ ಮಾತು ಇದೇ ಥರ ಇರುತ್ತೆ. ಬೋಣಿ ಆದಾಗಿನಿಂದ ಬಾಗಿಲು ಹಾಕೋವರೆಗೆ ಪ್ರತಿ ರೂಪಾಯಿ ಬರೆದಿಡುವಷ್ಟು ಪುರುಸೊತ್ತು ಎಲ್ಲರಿಗೂ ಇರೋದಿಲ್ಲ.

ಹೀಗೆ ‘ಇಷ್ಟರಿಂದ ಇಷ್ಟು’ ಅಂತ ಗುಂಪು ಮಾಡಿಟ್ಟ ಲೆಕ್ಕದಿಂದಲೂ ದಿನದ ಸರಾಸರಿ, ತಿಂಗಳ ಒಟ್ಟು, ವರ್ಷದ ವಹಿವಾಟು ಎಲ್ಲವನ್ನೂ ಸಾಕಷ್ಟು ಹತ್ತಿರದಲ್ಲಿ ಅಂದಾಜು ಮಾಡಬಹುದು. ಎಸ್ಸೆಸ್ಸೆಲ್ಸಿ ಗಣಿತದ ಸಂಖ್ಯಾಶಾಸ್ತ್ರ ಪಾಠದಲ್ಲಿ ಮಕ್ಕಳು ಕಲಿಯುವುದೂ ಇದನ್ನೇ. ಅಂದಾಜು ಎಲ್ಲಿ ಸರಿ ಬರುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದು ಗೊತ್ತಿದ್ದರೆ ವ್ಯಾಪಾರಕ್ಕೂ ಉಪಯೋಗ, ತೆರಿಗೆ ವಿಚಾರದಲ್ಲೂ ನೆಮ್ಮದಿ.

ಈಗ ಯಾಕೆ ಈ ಲೆಕ್ಕ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣದ ವಿವರ ಇಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಗಾಬರಿಯಾದರು. ಕೆಲವು ಕಡೆ ಕ್ಯೂಆರ್ ಕೋಡ್ ಕಿತ್ತುಹಾಕಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ವ್ಯಾಪಾರಿಗಳ ಪ್ರತಿನಿಧಿಗಳ ಜತೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದು ತಿಳಿಸಿದ್ದರು.

ಆ ಮಿತಿ ಇದು: ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ. ಈ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆಯೇ ಇಲ್ಲದ ತಾಜಾ ತರಕಾರಿ, ಹಣ್ಣಿನಂಥ ವಸ್ತುಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ತರಕಾರಿ ಜತೆಗೆ ಬಿಸ್ಕತ್ತು, ಸೋಪು ಇಟ್ಟವರಿಗೆ ಎರಡೂ ಸೇರಿಸಿಯೇ ಮಿತಿಯ ಲೆಕ್ಕ.

₹40 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ₹10,960. ಅಂದ್ರೆ ವರ್ಷವಿಡೀ ಬಾಗಿಲು ತೆರೆಯುವ ಅಂಗಡಿಯಲ್ಲಿ ದಿನದ ಸರಾಸರಿ ₹11,000ದ ಹತ್ತಿರ ಇದ್ದರೆ ಗೆರೆ ಅಲ್ಲೇ ಇದೆ ಅಂತ ಅರ್ಥ. ವಾರಕ್ಕೊಂದು ರಜೆ, ಹಬ್ಬ-ಹುಣ್ಣಿಮೆ ಕಳೆದು ವರ್ಷಕ್ಕೆ 300 ದಿನ ವ್ಯಾಪಾರ ಮಾಡುವವರಿಗೆ ಆ ಗೆರೆ ದಿನಕ್ಕೆ ₹13,333. ‘ಎಂಟರಿಂದ ಹನ್ನೆರಡು ಸಾವಿರ ಆಗುತ್ತೆ’ ಅನ್ನುವವರು ಗೆರೆಯ ಈಚೆ ಇದ್ದಾರೋ ಆಚೆ ಇದ್ದಾರೋ ಬಾಯಿಮಾತಿನಲ್ಲಿ ಗೊತ್ತಾಗಲ್ಲ.

ಗುಂಪು ಮಾಡಿದ ಲೆಕ್ಕ ಅಂದ್ರೆ ಇದು

ಒಂದು ಅಂಗಡಿ ಇದೆ ಅಂತಿಟ್ಟುಕೊಳ್ಳಿ. ಮಾಲೀಕರು ದಿನಾ ರಾತ್ರಿ ಗಲ್ಲಾ ಎಣಿಸಿ, ಮೊತ್ತ ಯಾವ ಸಾಲಿಗೆ ಬರುತ್ತೋ ಆ ಸಾಲಿನಲ್ಲಿ ಒಂದು ಗೀಟು ಹಾಕುತ್ತಾರೆ. 30 ದಿನ ಕಳೆದ ಮೇಲೆ ಪಟ್ಟಿ ಹೀಗಿದೆ:

₹4,000 – 6,000: 2 ದಿನ
₹6,000 – 8,000: 6 ದಿನ
₹8,000 – 10,000: 8 ದಿನ
₹10,000 – 12,000: 6 ದಿನ
₹12,000 – 14,000: 4 ದಿನ
₹14,000 – 16,000: 2 ದಿನ
₹16,000 – 18,000: 2 ದಿನ
ಒಟ್ಟು: 30 ದಿನ

ಪಠ್ಯಪುಸ್ತಕದ ಭಾಷೆಯಲ್ಲಿ ಪ್ರತಿ ಸಾಲು ಒಂದು ‘ವರ್ಗಾಂತರ’, ಎದುರಿನ ದಿನಗಳ ಸಂಖ್ಯೆ ಅದರ ‘ಆವೃತ್ತಿ’. ಸರಿಯಾಗಿ ₹8,000 ಆದ ದಿನ ಯಾವ ಸಾಲಿಗೆ? ಮೇಲಿನ ಸಾಲಿಗೆ, ಅಂದ್ರೆ 8,000–10,000ಕ್ಕೆ ಹಾಕೋದು ರೂಢಿ. ಯಾವ ಕಡೆ ಹಾಕಿದರೂ ಅಡ್ಡಿಯಿಲ್ಲ, ತಿಂಗಳು ಪೂರ್ತಿ ಒಂದೇ ನಿಯಮ ಇರಬೇಕು ಅಷ್ಟೇ.

ಇಲ್ಲಿ ಕಳೆದುಹೋಗಿರುವುದು ಏನು? 8,000–10,000 ಸಾಲಿನ ಆ ಎಂಟು ದಿನಗಳಲ್ಲಿ ಯಾವ ದಿನ 8,150, ಯಾವ ದಿನ 9,900 ಅನ್ನೋ ವಿವರ ಹೋಯಿತು. ಉಳಿದಿದ್ದು ಎಣಿಕೆ ಮಾತ್ರ. ಆ ಎಣಿಕೆಯಿಂದಲೇ ಉಳಿದದ್ದನ್ನು ಊಹಿಸಬೇಕು.

ಸರಾಸರಿ: ಪ್ರತಿ ಸಾಲಿನ ನಡುವಿನ ಸಂಖ್ಯೆ ಹಿಡಿಯಿರಿ

ಊಹೆಯ ನಿಯಮ ಸರಳ. ಒಂದು ಸಾಲಿನಲ್ಲಿರುವ ದಿನಗಳೆಲ್ಲ ಸರಾಸರಿ ಆ ಸಾಲಿನ ನಡುಮಧ್ಯದಲ್ಲಿವೆ ಅಂತ ಹಿಡಿಯೋದು. 8,000–10,000 ಸಾಲಿಗೆ 9,000, 10,000–12,000 ಸಾಲಿಗೆ 11,000, ಹೀಗೆ. ಇದಕ್ಕೆ ಮಧ್ಯಬಿಂದು ಅಂತಾರೆ. ಮಧ್ಯಬಿಂದುವನ್ನು ದಿನಗಳಿಂದ ಗುಣಿಸಿ ಕೂಡಬೇಕು:

5,000 × 2 = 10,000
7,000 × 6 = 42,000
9,000 × 8 = 72,000
11,000 × 6 = 66,000
13,000 × 4 = 52,000
15,000 × 2 = 30,000
17,000 × 2 = 34,000
ಒಟ್ಟು = ₹3,06,000

ಇದನ್ನು 30 ದಿನಕ್ಕೆ ಹಂಚಿದರೆ ದಿನದ ಸರಾಸರಿ ₹10,200.

ಕ್ಯಾಲ್ಕುಲೇಟರ್ ಇಲ್ಲದೆಯೂ ಇದು ಆಗುತ್ತೆ. ಶಾಲೆಯಲ್ಲಿ ಹೇಳಿಕೊಡುವ ‘ಹಂತ ವಿಚಲನೆ’ ವಿಧಾನ ಅದಕ್ಕೇ ಇರೋದು. 9,000ವನ್ನು ಸರಾಸರಿ ಅಂತ ಸುಮ್ಮನೆ ಅಂದುಕೊಳ್ಳಿ. ಆ ಸಾಲಿಗೆ ಸೊನ್ನೆ. ಅದಕ್ಕಿಂತ ಕೆಳಗಿನ ಸಾಲಿಗೆ ಮೈನಸ್ 1, ಅದರ ಕೆಳಗಿನದಕ್ಕೆ ಮೈನಸ್ 2. ಮೇಲಿನ ಸಾಲುಗಳಿಗೆ 1, 2, 3, 4. ದಿನಗಳಿಂದ ಗುಣಿಸಿದರೆ ಕೆಳಗಿನ ಕಡೆ ಮೈನಸ್ 4 ಮತ್ತು ಮೈನಸ್ 6, ಒಟ್ಟು ಮೈನಸ್ 10. ಮೇಲಿನ ಕಡೆ 6, 8, 6, 8, ಒಟ್ಟು 28. ವ್ಯತ್ಯಾಸ 18. ಅದನ್ನು 30ರಿಂದ ಭಾಗಿಸಿ, ಸಾಲಿನ ಅಗಲ 2,000ದಿಂದ ಗುಣಿಸಿದರೆ 1,200. ಮೊದಲು ಅಂದುಕೊಂಡ 9,000ಕ್ಕೆ ಇದನ್ನು ಕೂಡಿದರೆ ಮತ್ತೆ ಅದೇ ₹10,200. ಚೀಟಿ ಮೇಲೆ ಪೆನ್ಸಿಲ್ಲಿನಲ್ಲಿ ಮುಗಿಯುವ ಕೆಲಸ.

ಗೆರೆಯ ಈಚೆಯೋ ಆಚೆಯೋ?

ತಿಂಗಳಿಗೆ ₹3.06 ಲಕ್ಷ ಅಂದ್ರೆ ಹನ್ನೆರಡು ತಿಂಗಳಿಗೆ ₹36.72 ಲಕ್ಷ. ₹40 ಲಕ್ಷದ ಒಳಗೇ ಇದೆ. ಆದರೆ ಇದು ಅಂದಾಜು. ಎಷ್ಟು ಕಡೆಗೆ ವಾಲಬಹುದು?

ಅತಿ ಕಡಿಮೆ ಎಂದರೆ, ಪ್ರತಿ ದಿನವೂ ತನ್ನ ಸಾಲಿನ ಕೆಳ ಅಂಚಿನಲ್ಲೇ ಇತ್ತು ಅಂತ ಹಿಡಿಯಬೇಕು. ಆಗ ಪ್ರತಿ ದಿನಕ್ಕೆ ಒಂದೊಂದು ಸಾವಿರ ಕಡಿಮೆ: ತಿಂಗಳಿಗೆ ₹2.76 ಲಕ್ಷ, ವರ್ಷಕ್ಕೆ ₹33.12 ಲಕ್ಷ. ಅತಿ ಹೆಚ್ಚು ಎಂದರೆ, ಎಲ್ಲ ದಿನವೂ ಮೇಲಿನ ಅಂಚಿಗೆ ತಾಗಿಕೊಂಡಿತ್ತು ಅಂತ: ತಿಂಗಳಿಗೆ ₹3.36 ಲಕ್ಷ, ವರ್ಷಕ್ಕೆ ₹40.32 ಲಕ್ಷ. ಅಂದ್ರೆ ಮೇಲಿನ ಕೊನೆ ಗೆರೆ ದಾಟುತ್ತೆ!

ಹಾಗಂತ ಗಾಬರಿ ಬೇಕಿಲ್ಲ. 30 ದಿನವೂ ಒಂದೇ ಅಂಚಿಗೆ ಸೇರೋದು ಹೆಚ್ಚೂಕಡಿಮೆ ಆಗದ ಮಾತು. ಒಂದು ದಿನ 8,200 ಆದರೆ ಇನ್ನೊಂದು ದಿನ 9,700 ಆಗಿರುತ್ತೆ. ಹೆಚ್ಚು-ಕಡಿಮೆ ಒಂದನ್ನೊಂದು ಹೊಡೆದುಹಾಕುತ್ತೆ. ದಿನಗಳು ಸಾಲಿನೊಳಗೆ ಹೆಚ್ಚೂಕಡಿಮೆ ಸಮನಾಗಿ ಹರಡಿದ್ದರೆ, ₹2,000 ಅಗಲದ ಸಾಲಿಗೆ 30 ದಿನದ ಸರಾಸರಿಯಲ್ಲಿ ಬರುವ ತಪ್ಪು ಸಾಮಾನ್ಯವಾಗಿ ₹100ರ ಆಸುಪಾಸು. ದಿನಕ್ಕೆ ₹10,200ರಲ್ಲಿ ನೂರು ರೂಪಾಯಿ ಆಚೀಚೆ ಅಂದ್ರೆ ಶೇ 1ರಷ್ಟು.

ಸಾಲಿನ ಅಗಲ ಮಾತ್ರ ಹದದಲ್ಲಿರಬೇಕು. ₹2,000ದ ಬದಲು ₹5,000 ಅಗಲದ ಸಾಲು ಮಾಡಿದರೆ ಎರಡು ಕೊನೆಗಳ ನಡುವಿನ ಅಂತರ ವರ್ಷಕ್ಕೆ ₹18 ಲಕ್ಷ ಆಗುತ್ತೆ. ₹500 ಅಗಲ ಮಾಡಿದರೆ ಸಾಲುಗಳೇ ಮೂವತ್ತರ ಹತ್ತಿರ ಹೋಗಿ, ಗುಂಪು ಮಾಡಿದ ಪ್ರಯೋಜನವೇ ಇರಲ್ಲ. ಆರರಿಂದ ಹತ್ತು ಸಾಲು ಬರುವ ಹಾಗೆ ಅಗಲ ಇಟ್ಟುಕೊಳ್ಳೋದು ಒಳ್ಳೆಯ ಅಳತೆ.

ದಸರಾ ತಿಂಗಳು ಹಿಡಿದರೆ ಲೆಕ್ಕವೇ ಬೇರೆ

ಮಧ್ಯಬಿಂದುವಿನಿಂದ ಬರುವ ತಪ್ಪಿಗಿಂತ ದೊಡ್ಡ ತಪ್ಪು ಬೇರೆ ಕಡೆಯಿಂದ ಬರುತ್ತೆ. ಅದು ಕೊನೆಯ ಸಾಲಿನಿಂದ ಮತ್ತು ತಿಂಗಳ ಆಯ್ಕೆಯಿಂದ.

ಬಹಳಷ್ಟು ಜನ ಕೊನೆಯ ಸಾಲನ್ನು ‘₹16,000 ಮೇಲೆ’ ಅಂತ ಬರೆದು ಬಿಡುತ್ತಾರೆ. ಇದು ಬಾಗಿಲು ತೆರೆದ ಸಾಲು, ಮೇಲಿನ ಅಂಚೇ ಇಲ್ಲ. ನಡುವಿನ ಸಂಖ್ಯೆ 17,000 ಅಂತ ಹಿಡಿಯೋದಕ್ಕೆ ಯಾವ ಆಧಾರವೂ ಇಲ್ಲ. ದೇವರಾಜ ಮೊಹಲ್ಲಾದಲ್ಲಂತೂ ಇದು ಮುಖ್ಯ. ಜಂಬೂ ಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಇರೋದೇ ಮಾರುಕಟ್ಟೆಯ ಪಕ್ಕದಲ್ಲಿ. ನವರಾತ್ರಿಯಲ್ಲಿ ಬರುವ ಜನಸಂದಣಿಗೂ ಮಾಮೂಲಿ ಮಂಗಳವಾರಕ್ಕೂ ಹೋಲಿಕೆಯೇ ಇಲ್ಲ.

ಮೇಲಿನ ಪಟ್ಟಿ ದಸರಾ ತಿಂಗಳದ್ದು, ಕೊನೆಯ ಸಾಲು ‘₹16,000 ಮೇಲೆ’ ಅಂತಿಟ್ಟುಕೊಳ್ಳಿ. ಆ ಎರಡು ದಿನಗಳಲ್ಲಿ ಆಯುಧಪೂಜೆಯ ಹಿಂದಿನ ದಿನ ₹42,000, ಅದರ ಹಿಂದಿನ ದಿನ ₹26,000 ಆಗಿತ್ತು ಅಂದ್ರೆ, ಆ ಸಾಲಿನ ಮೊತ್ತ ₹34,000 ಅಲ್ಲ, ₹68,000. ತಿಂಗಳ ಒಟ್ಟು ₹3.40 ಲಕ್ಷಕ್ಕೆ, ಸರಾಸರಿ ₹11,333ಕ್ಕೆ ಏರಿತು. ಹನ್ನೆರಡರಿಂದ ಗುಣಿಸಿದರೆ ₹40.80 ಲಕ್ಷ. ಎರಡೇ ದಿನದ ವ್ಯಾಪಾರ ಇಡೀ ವರ್ಷದ ಅಂದಾಜನ್ನು ಗೆರೆಯ ಆಚೆ ಹಾಕಿತು.

ಇಲ್ಲಿ ಎರಡು ಪಾಠ ಇವೆ. ಒಂದು, ಕೊನೆಯ ಸಾಲಿನ ದಿನಗಳಿಗೆ ಗೀಟು ಹಾಕಿದರೆ ಸಾಲದು, ನಿಜವಾದ ಮೊತ್ತವನ್ನೇ ಬರೆಯಬೇಕು. ಅಂಥ ದಿನಗಳು ತಿಂಗಳಿಗೆ ಎರಡೋ ಮೂರೋ ಇರೋದರಿಂದ ಕಷ್ಟವೇನೂ ಅಲ್ಲ. ಎರಡು, ದಸರಾ ತಿಂಗಳನ್ನು ಹನ್ನೆರಡರಿಂದ ಗುಣಿಸಬಾರದು. ಹಾಗೆಯೇ ಮದುವೆ ಇಲ್ಲದ ಆಷಾಢವನ್ನೂ ಗುಣಿಸಬಾರದು. ಬಟ್ಟೆ ಅಂಗಡಿಗೆ ಮಂಕು ಹಿಡಿಯುವ ಅದೇ ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಂದ ಹೂವು-ಹಣ್ಣಿನವರಿಗೆ ಶುಕ್ರವಾರ ಜೋರು. ಹಾಗಾಗಿ ಯಾವುದು ಮಾಮೂಲಿ ತಿಂಗಳು ಅನ್ನೋದನ್ನು ಆಯಾ ಅಂಗಡಿಯವರೇ ನಿರ್ಧರಿಸಬೇಕು.

ಸರಿಯಾದ ದಾರಿ ಎಂದರೆ ಮೂರು ಬಗೆಯ ತಿಂಗಳಿಗೆ ಮೂರು ಪಟ್ಟಿ. ಮಾಮೂಲಿ ತಿಂಗಳಿಗೆ ₹3.06 ಲಕ್ಷ, ಹಬ್ಬದ ತಿಂಗಳಿಗೆ ₹3.40 ಲಕ್ಷ, ಮಂದ ತಿಂಗಳಿಗೆ ₹2.40 ಲಕ್ಷ ಅಂತ ಬಂತು ಅನ್ನಿ. ವರ್ಷದಲ್ಲಿ ಎಂಟು ಮಾಮೂಲಿ, ಎರಡು ಹಬ್ಬದ, ಎರಡು ಮಂದ ತಿಂಗಳು ಇದ್ದರೆ 24.48 + 6.80 + 4.80 = ₹36.08 ಲಕ್ಷ. ಬರೀ ದಸರಾ ತಿಂಗಳಿಂದ ಬಂದ 40.80ಕ್ಕೂ ಇದಕ್ಕೂ ₹4.72 ಲಕ್ಷದ ಅಂತರ. ಅಂಗಡಿ ಅದೇ, ವ್ಯಾಪಾರವೂ ಅದೇ, ತಿಂಗಳು ಆರಿಸಿದ ರೀತಿ ಮಾತ್ರ ಬೇರೆ.

ಮಧ್ಯಾಂಕ: ಸಾಲಿನಲ್ಲಿ ನಿಲ್ಲಿಸಿದರೆ ನಡುವಿನ ದಿನ

ಎರಡು ದಿನದ ಗದ್ದಲಕ್ಕೆ ಅಲುಗಾಡದ ಅಳತೆ ಒಂದಿದೆ. 30 ದಿನಗಳನ್ನು ಕಡಿಮೆ ವ್ಯಾಪಾರದಿಂದ ಹೆಚ್ಚು ವ್ಯಾಪಾರದವರೆಗೆ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ಗೆರೆ ಎಳೆದರೆ ಸಿಗುವ ಮೊತ್ತವೇ ಮಧ್ಯಾಂಕ. ಅರ್ಧ ದಿನಗಳು ಅದಕ್ಕಿಂತ ಕಡಿಮೆ, ಅರ್ಧ ದಿನಗಳು ಹೆಚ್ಚು.

ಗುಂಪು ಮಾಡಿದ ಪಟ್ಟಿಯಲ್ಲಿ ಮೊದಲು ಕೆಳಗಿನಿಂದ ಕೂಡಿಕೊಂಡು ಹೋಗಬೇಕು: 2, 8, 16, 22, 26, 28, 30. ಇದೇ ಸಂಚಿತ ಆವೃತ್ತಿ. 30ರ ಅರ್ಧ 15. ₹8,000ದ ಒಳಗೆ 8 ದಿನ ಮುಗಿದಿವೆ, ₹10,000ದ ಒಳಗೆ 16 ದಿನ. ಹಾಗಾಗಿ 15ನೇದು 8,000–10,000 ಸಾಲಿನಲ್ಲಿದೆ. ಆ ಸಾಲಿನ 8 ದಿನಗಳಲ್ಲಿ 7 ದಿನ ದಾಟಬೇಕು. ಎಂಟರಲ್ಲಿ ಏಳು ಪಾಲು ದೂರ, ಅಂದ್ರೆ 2,000 × 7 ÷ 8 = 1,750. ಮಧ್ಯಾಂಕ ₹9,750.

ಆಯುಧಪೂಜೆ ಹಿಂದಿನ ದಿನ ₹17,000 ಆಗಿದ್ದರೂ, ₹42,000 ಆಗಿದ್ದರೂ, ಮಧ್ಯಾಂಕ ಅದೇ ₹9,750. ಸರಾಸರಿ 10,200ರಿಂದ 11,333ಕ್ಕೆ ಹಾರಿತ್ತು. ‘ಮಾಮೂಲಿ ದಿನ ಎಷ್ಟಾಗುತ್ತೆ’ ಅನ್ನೋ ಪ್ರಶ್ನೆಗೆ ಮಧ್ಯಾಂಕವೇ ಪ್ರಾಮಾಣಿಕ ಉತ್ತರ. ಅಂಗಡಿ ವಹಿಸಿಕೊಳ್ಳಲು ಬಂದವರು ಮಾಲೀಕರನ್ನು ಸರಾಸರಿ ಕೇಳಿ ಸುಮ್ಮನಾಗದೆ, ಎಷ್ಟು ದಿನ ಅದಕ್ಕಿಂತ ಕಡಿಮೆ ಆಗುತ್ತೆ ಅಂತಲೂ ಕೇಳಬೇಕು. ಆದರೆ ವರ್ಷದ ಒಟ್ಟು ವಹಿವಾಟು ಬೇಕಾದಾಗ ಮಧ್ಯಾಂಕವನ್ನು ದಿನಗಳಿಂದ ಗುಣಿಸುವ ಹಾಗಿಲ್ಲ. ಒಟ್ಟು ಮೊತ್ತಕ್ಕೆ ಸರಾಸರಿಯೇ ಬೇಕು, ಹಬ್ಬದ ದುಡ್ಡೂ ದುಡ್ಡೇ ತಾನೆ!

ಬಹುಲಕ: ಎಪಿಎಂಸಿಯ ‘ಮಾದರಿ’ ಬೆಲೆಯ ಹಿಂದಿನ ಲೆಕ್ಕ

ಬಂಡಿಪಾಳ್ಯದ ಎಪಿಎಂಸಿ ಸೇರಿದಂತೆ ಮಾರುಕಟ್ಟೆಗಳ ದಿನದ ಧಾರಣೆ ಪಟ್ಟಿಯಲ್ಲಿ ಮೂರು ಬೆಲೆ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಈ ಮಾದರಿ ಬೆಲೆ ಕನಿಷ್ಠ-ಗರಿಷ್ಠಗಳ ನಡುವಿನ ಸಂಖ್ಯೆ ಅಲ್ಲ. ಹೆಚ್ಚಿನ ಮಾಲು ಯಾವ ಬೆಲೆಗೆ ಕೈಬದಲಾಯಿತೋ ಆ ಬೆಲೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೇ ಬಹುಲಕ ಅನ್ನೋದು. ಹಳೇ ಪಠ್ಯ ಓದಿದವರಿಗೆ ‘ರೂಢಿಬೆಲೆ’ ಅಂತ ಗೊತ್ತಿರಬಹುದು.

ಅಂಗಡಿ ಪಟ್ಟಿಯಲ್ಲಿ ಹೆಚ್ಚು ದಿನ ಇರುವ ಸಾಲು 8,000–10,000. ಬಹುಲಕ ಆ ಸಾಲಿನಲ್ಲೇ ಇದೆ. ಎಲ್ಲಿ? ಅಕ್ಕಪಕ್ಕದ ಸಾಲುಗಳ ಎಳೆತ ನೋಡಬೇಕು. ಕೆಳಗಿನ ಸಾಲಿನಲ್ಲಿ 6 ದಿನ, ಮೇಲಿನ ಸಾಲಿನಲ್ಲೂ 6 ದಿನ. ಎರಡೂ ಕಡೆ ಎಳೆತ ಸಮ, ಹಾಗಾಗಿ ಬಹುಲಕ ಸರಿಯಾಗಿ ನಡುವೆ: ₹9,000. ಮೇಲಿನ ಸಾಲಿನಲ್ಲಿ 7 ದಿನ ಇದ್ದಿದ್ದರೆ ಅದು ಮೇಲಕ್ಕೆ ವಾಲುತ್ತಿತ್ತು.

ಈಗ ಮೂರನ್ನೂ ಪಕ್ಕ ಪಕ್ಕ ಇಟ್ಟರೆ: ಬಹುಲಕ 9,000, ಮಧ್ಯಾಂಕ 9,750, ಸರಾಸರಿ 10,200. ಸರಾಸರಿ ಎಲ್ಲಕ್ಕಿಂತ ಮೇಲೆ ಇರೋದು ಜೋರು ದಿನಗಳ ಬಾಲ ಉದ್ದ ಇದೆ ಅನ್ನೋದರ ಗುರುತು. ಮಕ್ಕಳು ಪರೀಕ್ಷೆಗೆ ಕಲಿಯುವ ಸೂತ್ರವೊಂದಿದೆ: ಮಧ್ಯಾಂಕದ ಮೂರರಷ್ಟು, ಬಹುಲಕ ಮತ್ತು ಸರಾಸರಿಯ ಎರಡರಷ್ಟನ್ನು ಕೂಡಿದ್ದಕ್ಕೆ ಸಮ. ಇಲ್ಲಿ ಒಂದು ಕಡೆ 29,250, ಇನ್ನೊಂದು ಕಡೆ 29,400. ಹತ್ತಿರ ಇದೆ, ಸಮ ಇಲ್ಲ. ಅದು ಅನುಭವದಿಂದ ಬಂದ ಸೂತ್ರ, ಅಳತೆಯ ಕಡ್ಡಿ ಅಲ್ಲ.

ಮಾಲು ತರಿಸೋವಾಗ ಯಾವ ಸಂಖ್ಯೆ?

ನಾಳೆ ಎಷ್ಟು ಮಾಲು ಬೇಕು ಅನ್ನೋದಕ್ಕೆ ಒಂದೇ ಸಂಖ್ಯೆ ಸಾಲದು, ವ್ಯಾಪ್ತಿ ಬೇಕು. ಮಧ್ಯಾಂಕ ಕಂಡುಹಿಡಿದ ರೀತಿಯಲ್ಲೇ ಕಾಲು ಭಾಗದ ಮತ್ತು ಮುಕ್ಕಾಲು ಭಾಗದ ಗೆರೆಗಳನ್ನೂ ಎಳೆಯಬಹುದು. 30ರ ಕಾಲು ಭಾಗ 7.5. ಅದು 6,000–8,000 ಸಾಲಿನಲ್ಲಿ ಬಿದ್ದು ಸುಮಾರು ₹7,830 ಕೊಡುತ್ತೆ. ಮುಕ್ಕಾಲು ಭಾಗ 22.5. ಅದು 12,000–14,000 ಸಾಲಿನ ಆರಂಭದಲ್ಲೇ ಬಿದ್ದು ₹12,250 ಕೊಡುತ್ತೆ.

ಅರ್ಥ ಇಷ್ಟು: ತಿಂಗಳ ಅರ್ಧದಷ್ಟು ದಿನಗಳ ವ್ಯಾಪಾರ ₹7,830ರಿಂದ ₹12,250ರ ನಡುವೆ. ನಾಲ್ಕು ದಿನಕ್ಕೊಮ್ಮೆ ಅದಕ್ಕಿಂತ ಕಡಿಮೆ, ನಾಲ್ಕು ದಿನಕ್ಕೊಮ್ಮೆ ಅದಕ್ಕಿಂತ ಹೆಚ್ಚು. ಮಲ್ಲಿಗೆ, ಚಿಗುರೆಲೆ, ರಸಬಾಳೆಯಂತೆ ಬೇಗ ಬಾಡುವ, ಕಪ್ಪಾಗುವ ಮಾಲು ಇಟ್ಟವರು ಕೆಳಗಿನ ಗೆರೆಯ ಹತ್ತಿರ ತರಿಸಿದರೆ ಉಳಿದು ಹಾಳಾಗೋದು ಕಡಿಮೆ. ಸ್ಟೀಲ್ ಪಾತ್ರೆ, ಅರಿಶಿನ-ಕುಂಕುಮದಂತೆ ಕೆಡದ ಮಾಲು ಇಟ್ಟವರು ಮೇಲಿನ ಗೆರೆಯ ಹತ್ತಿರ ಇಟ್ಟುಕೊಂಡರೂ ನಷ್ಟವಿಲ್ಲ.

ನಿಜವಾದ ಅಂಕಿ ಮೇಲೆ ಪರೀಕ್ಷೆ: ರಾಜ್ಯದ ಜಮೀನು ಹಿಡುವಳಿ

ಅಂಗಡಿ ಪಟ್ಟಿ ಉದಾಹರಣೆಗೆ ಮಾಡಿದ್ದು. ಮಧ್ಯಬಿಂದು ಹಿಡಿಯುವ ವಿಧಾನ ನಿಜವಾಗಿ ಎಷ್ಟು ಸರಿ ಅನ್ನೋದಕ್ಕೆ ಸರ್ಕಾರದ ಅಂಕಿಯೇ ಇದೆ. ಕೃಷಿ ಗಣತಿಯಲ್ಲಿ ರೈತರ ಹಿಡುವಳಿಗಳನ್ನು ಗುಂಪು ಮಾಡಿಯೇ ಪ್ರಕಟಿಸುತ್ತಾರೆ: 1 ಹೆಕ್ಟೇರ್ ಒಳಗೆ ಅತಿ ಸಣ್ಣ, 1ರಿಂದ 2 ಸಣ್ಣ, 2ರಿಂದ 4 ಅರೆ ಮಧ್ಯಮ, 4ರಿಂದ 10 ಮಧ್ಯಮ, 10ರ ಮೇಲೆ ದೊಡ್ಡ ಹಿಡುವಳಿ. ಕೊನೆಯದು ಇಲ್ಲೂ ಬಾಗಿಲು ತೆರೆದ ಸಾಲೇ.

2010–11ರ ಗಣತಿ ಪ್ರಕಾರ ಕರ್ನಾಟಕದಲ್ಲಿ 78.32 ಲಕ್ಷ ಹಿಡುವಳಿಗಳು, 121.61 ಲಕ್ಷ ಹೆಕ್ಟೇರ್. ಇದರಲ್ಲಿ ಅತಿ ಸಣ್ಣ 38.49 ಲಕ್ಷ, ಸಣ್ಣ 21.38 ಲಕ್ಷ. ಈ ಎರಡೂ ಸೇರಿ ಒಟ್ಟು ಹಿಡುವಳಿಗಳ ಶೇ 76.44, ಆದರೆ ಅವರ ಕೈಯಲ್ಲಿದ್ದ ಜಮೀನು ಶೇ 40.05 ಮಾತ್ರ.

ಈ ಎರಡು ಸಾಲಿಗೆ ಮಧ್ಯಬಿಂದು ಅರ್ಧ ಹೆಕ್ಟೇರ್ ಮತ್ತು ಒಂದೂವರೆ ಹೆಕ್ಟೇರ್. ಆ ಲೆಕ್ಕದಲ್ಲಿ ಇವರ ಸರಾಸರಿ ಹಿಡುವಳಿ 0.86 ಹೆಕ್ಟೇರ್ ಬರುತ್ತೆ. ನಿಜವಾದ ವಿಸ್ತೀರ್ಣವನ್ನು ಭಾಗಿಸಿದರೆ ಸಿಗೋದು 0.81. ಅಂದಾಜು ಶೇ 5ರಷ್ಟು ಜಾಸ್ತಿ. ಯಾಕೆ? ಸಾಲಿನೊಳಗೆ ರೈತರು ಸಮನಾಗಿ ಹರಡಿಲ್ಲ. ಹಿಡುವಳಿ ದೊಡ್ಡದಾದಂತೆ ಅದನ್ನು ಹೊಂದಿರುವವರ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತೆ. ಹಾಗಾಗಿ 1ರಿಂದ 2ರ ಸಾಲಿನಲ್ಲಿ ಒಂದರ ಹತ್ತಿರ ಇರುವವರೇ ಜಾಸ್ತಿ, ಎರಡರ ಹತ್ತಿರ ಇರುವವರು ಕಡಿಮೆ. ನಡುವಿನ ಸಂಖ್ಯೆ ಹಿಡಿದಾಗ ಅಂದಾಜು ಮೇಲಕ್ಕೆ ವಾಲುತ್ತೆ.

ಅಂಗಡಿ ಪಟ್ಟಿಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ದಿನಗಳು ಮೊದಲು ಏರಿ ಆಮೇಲೆ ಇಳಿಯುತ್ತವೆ. ಏರುವ ಕಡೆ ದಿನಗಳು ಸಾಲಿನ ಮೇಲಿನ ಅಂಚಿಗೆ, ಇಳಿಯುವ ಕಡೆ ಕೆಳಗಿನ ಅಂಚಿಗೆ ಸರಿದಿರುತ್ತವೆ. ತಪ್ಪು ಎರಡೂ ಕಡೆಯಿಂದ ಬಂದು ಬಹುಮಟ್ಟಿಗೆ ಸರಿಹೋಗುತ್ತೆ.

ಮಧ್ಯಾಂಕವೂ ಇಲ್ಲಿ ಸಿಗುತ್ತೆ. 78.32ರ ಅರ್ಧ 39.16 ಲಕ್ಷ. ಒಂದು ಹೆಕ್ಟೇರ್ ಒಳಗೇ 38.49 ಲಕ್ಷ ಮುಗಿದಿದೆ. ಇನ್ನು 0.67 ಲಕ್ಷ ದಾಟಿದರೆ ಸಾಕು. ಮಧ್ಯಾಂಕ ಸುಮಾರು 1.03 ಹೆಕ್ಟೇರ್, ಅಂದ್ರೆ 2 ಎಕರೆ 22 ಗುಂಟೆ. ಅದೇ ಸರಾಸರಿ 1.55 ಹೆಕ್ಟೇರ್, ಸುಮಾರು 3 ಎಕರೆ 33 ಗುಂಟೆ. ಸರಾಸರಿ ಮಾತ್ರ ನೋಡಿದವರಿಗೆ ಕರ್ನಾಟಕದ ರೈತರ ಹತ್ತಿರ ಮುಕ್ಕಾಲು ಪಾಲು ನಾಲ್ಕು ಎಕರೆ ಇದ್ದ ಹಾಗೆ ಕಾಣುತ್ತೆ. ಅರ್ಧದಷ್ಟು ಹಿಡುವಳಿಗಳು ಎರಡೂವರೆ ಎಕರೆಯ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇದ್ದವು ಅನ್ನೋದು ಮಧ್ಯಾಂಕದಿಂದ ಮಾತ್ರ ಗೊತ್ತಾಗೋದು.

ಎಲ್ಲೆಲ್ಲಿ ಮೋಸ ಹೋಗಬಹುದು?

99ರ ಬೆಲೆ: ಬಟ್ಟೆ, ಚಪ್ಪಲಿ ಅಂಗಡಿಗಳಲ್ಲಿ ₹299, ₹499, ₹999 ಬೆಲೆ ಮಾಮೂಲಿ. ಬಿಲ್ಲುಗಳನ್ನು 400–500, 500–600 ಅಂತ ಗುಂಪು ಮಾಡಿದರೆ 400–500 ಸಾಲಿನ ಬಹುಪಾಲು ಬಿಲ್ಲು 499ಕ್ಕೇ ಅಂಟಿಕೊಂಡಿರುತ್ತೆ. ಮಧ್ಯಬಿಂದು 450 ಹಿಡಿದರೆ ಬಿಲ್ಲಿಗೆ ₹49 ಕಡಿಮೆ. ಇಂಥ ಕಡೆ ಸಾಲುಗಳನ್ನು 450–550, 550–650 ಅಂತ ಮಾಡಿ, ಜಾಸ್ತಿ ಬರುವ ಬೆಲೆ ನಡುವೆ ಬರುವ ಹಾಗೆ ನೋಡಿಕೊಳ್ಳಬೇಕು.

ಅಗಲ ಬೇರೆ ಬೇರೆ ಇರುವ ಸಾಲು: ಒಂದು ಸಾಲು ₹2,000, ಇನ್ನೊಂದು ₹6,000 ಅಗಲ ಇದ್ದರೆ ಅಗಲದ ಸಾಲಿನಲ್ಲಿ ಹೆಚ್ಚು ದಿನ ಕಾಣೋದು ಸಹಜ. ಅದನ್ನೇ ಬಹುಲಕ ಅನ್ನೋದು ತಪ್ಪು. ದಿನಗಳನ್ನು ಅಗಲದಿಂದ ಭಾಗಿಸಿ ಹೋಲಿಸಬೇಕು. ಸರಾಸರಿಗೆ ಮಾತ್ರ ಅಗಲ ಬೇರೆ ಇದ್ದರೂ ನಡೆಯುತ್ತೆ.

ಬಾಗಿಲು ಹಾಕಿದ ದಿನ: ರಜೆಯ ದಿನಗಳನ್ನು ಸೊನ್ನೆ ಅಂತ ಸೇರಿಸಿ 365ರಿಂದ ಗುಣಿಸಬೇಕು, ಇಲ್ಲವೇ ಬಿಟ್ಟು ತೆರೆದ ದಿನಗಳಿಂದ ಮಾತ್ರ ಗುಣಿಸಬೇಕು. ರಜೆ ಬಿಟ್ಟು ಸರಾಸರಿ ತೆಗೆದು 365ರಿಂದ ಗುಣಿಸಿದರೆ ವಹಿವಾಟು ಸುಮ್ಮಸುಮ್ಮನೆ ಉಬ್ಬುತ್ತೆ.

ಯುಪಿಐ ಎಲ್ಲವೂ ವ್ಯಾಪಾರ ಅಲ್ಲ: ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು ಅದೇ ಖಾತೆಗೆ ಬಂದರೆ ಅದು ಮಾರಾಟ ಅಲ್ಲ. ಅತ್ತ ಕ್ಯಾಶ್ ವ್ಯಾಪಾರ ಯುಪಿಐಯಲ್ಲಿ ಕಾಣಲ್ಲ. ಎರಡನ್ನೂ ಬೇರೆ ಬರೆದಿಟ್ಟರೆ ನೋಟಿಸ್ ಬಂದಾಗ ಉತ್ತರ ಕೊಡೋದು ಸುಲಭ. ಅಂಗಡಿಗೇ ಒಂದು ಪ್ರತ್ಯೇಕ ಖಾತೆ ಇದ್ದರೆ ಇನ್ನೂ ಒಳ್ಳೆಯದು.

ಪುಸ್ತಕ ಇಡೋದು ಹೇಗೆ?

- 100 ಪುಟದ ನೋಟ್‌ಬುಕ್ ಸಾಕು. ತಿಂಗಳಿಗೊಂದು ಪುಟ. ಎಡಗಡೆ ಆರರಿಂದ ಹತ್ತು ಸಾಲು, ಎಲ್ಲವೂ ಒಂದೇ ಅಗಲ.
- ರಾತ್ರಿ ಗಲ್ಲಾ ಮತ್ತು ಯುಪಿಐ ಎರಡನ್ನೂ ಕೂಡಿ, ಬರಬೇಕಾದ ಸಾಲಿನಲ್ಲಿ ಒಂದು ಗೀಟು. ಸಾಲ ಕೊಟ್ಟ ಮಾಲೂ ಆವತ್ತಿನ ಮಾರಾಟವೇ, ಅದನ್ನೂ ಸೇರಿಸಬೇಕು.
- ಕೊನೆಯ ಸಾಲಿಗಿಂತ ಜಾಸ್ತಿ ಆದ ದಿನ ಗೀಟಿನ ಬದಲು ಪೂರ್ತಿ ಮೊತ್ತ ಬರೆಯಬೇಕು.
- ತಿಂಗಳ ಕೊನೆಗೆ ಮಧ್ಯಬಿಂದು ಗುಣಿಸಿ ಒಟ್ಟು ಮೊತ್ತ, ಪಕ್ಕದಲ್ಲಿ ಮಧ್ಯಾಂಕ.
- ಹಿಂದಿನ ತಿಂಗಳ ಒಟ್ಟಿಗೆ ಕೂಡಿಕೊಂಡು ಹೋಗಬೇಕು. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಡಿಸೆಂಬರ್ ಹೊತ್ತಿಗೆ ₹30 ಲಕ್ಷದ ಹತ್ತಿರ ಬಂದಿದ್ದರೆ ಉಳಿದ ಮೂರು ತಿಂಗಳಿಗೆ ಅಂದಾಜು ಬಿಟ್ಟು, ದಿನದ ಲೆಕ್ಕ ಪೂರ್ತಿ ಬರೆಯೋದು ಕ್ಷೇಮ.

ಒಂದು ಮಾತು ಮರೆಯಬಾರದು. ಈ ಅಂದಾಜು ಅಂಗಡಿಯವರಿಗೆ ತಾವು ಎಲ್ಲಿ ನಿಂತಿದ್ದೇವೆ ಅಂತ ತಿಳಿಯೋದಕ್ಕೆ. ಇಲಾಖೆ ಮುಂದೆ ಇದು ದಾಖಲೆ ಆಗೋದಿಲ್ಲ. ಅಲ್ಲಿ ಬಿಲ್ಲು, ಬ್ಯಾಂಕ್ ವಿವರ, ಖರೀದಿ ರಸೀದಿಯೇ ಬೇಕು. ಅಂದಾಜು ₹33 ಲಕ್ಷಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ. 36–37 ದಾಟಿದ್ದರೆ ಲೆಕ್ಕಪರಿಶೋಧಕರ ಹತ್ತಿರ ಮಾತಾಡೋ ಸಮಯ. ಮಿತಿ ದಾಟಿದವರಿಗೆ ₹1.5 ಕೋಟಿ ವಹಿವಾಟಿನವರೆಗೆ ಶೇ 1ರ ರಾಜಿ ತೆರಿಗೆ ಪದ್ಧತಿಯೂ ಇದೆ. ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವ ಹಾಗಿಲ್ಲ, ಖರೀದಿ ಮೇಲಿನ ತೆರಿಗೆಯನ್ನು ಕಳೆದುಕೊಳ್ಳುವ ಹಾಗೂ ಇಲ್ಲ.

ಮನೆಯಲ್ಲಿ ಹತ್ತನೇ ಕ್ಲಾಸಿನ ಮಗನೋ ಮಗಳೋ ಇದ್ದರೆ ತಿಂಗಳ ಕೊನೆಯ ಲೆಕ್ಕವನ್ನು ಅವರ ಕೈಗೇ ಕೊಡಬಹುದು. ಪಠ್ಯದಲ್ಲಿರುವ ಕಾಲ್ಪನಿಕ ಕಾರ್ಖಾನೆಯ ಕೂಲಿ ಲೆಕ್ಕಕ್ಕಿಂತ ಸ್ವಂತ ಅಂಗಡಿಯ ಲೆಕ್ಕ ಬೇಗ ತಲೆಗೆ ಹತ್ತುತ್ತೆ. ಅಂಗಡಿಗೂ ಒಂದು ವರ್ಷದ ಪೂರ್ತಿ ಪಟ್ಟಿ ಸಿಗುತ್ತೆ.